ತುಂಬಿಸಿದ ಹೆಜ್ಜೆಗಳು

ನನ್ನ ತಂಗಿಯ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅಮ್ಮನ ಲೆಕ್ಕದಲ್ಲಿ ಅದು ಆಸ್ಪತ್ರೆಯ ಕಂಪ್ಯೂಟರ್ ಕೆಲಸ. ಅವಳ ಗಂಡ, ಅಂದರೆ ನಮ್ಮ ಭಾವ, ಕರೆಂಟ್ ಕೆಲಸದವನು. ಅವನು ಜನ ನಡೆಯುವುದನ್ನು ನೋಡಿಕೊಂಡು ಕೂರುವುದಕ್ಕೆ ಸಂಬಳ ಕೊಡುತ್ತಾರೆ ಎಂದು ನಗುತ್ತಿದ್ದ. ನಾನು ಚುಕ್ಕಿ ಇಡುವ ಕೆಲಸ ಎನ್ನುತ್ತಿದ್ದೆ. ಹೆಚ್ಚು ಓದದವನು ನಾನು, ಗೇಟು ಗ್ರಿಲ್ಲು ಬೆಸುಗೆ ಹಾಕಿ ಬದುಕುವವನು. ಆದರೂ ಮೂವರಲ್ಲಿ ನಾನು ಹೇಳಿದ್ದೇ ನಿಜಕ್ಕೆ ಹತ್ತಿರ. ಯಾಕೆಂದರೆ ಆ ಕೋಣೆಯನ್ನು ಕಣ್ಣಾರೆ ಕಂಡವನು ನಾನೊಬ್ಬನೇ.

ಮೂಳೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಎಕ್ಸ್‌ರೇ ದಾಟಿ, ಬಟ್ಟೆ ಒಗೆಯುವ ಕೋಣೆಯ ಪಕ್ಕಕ್ಕೆ ಒಂದು ಉದ್ದನೆಯ ಕೋಣೆ. ಅದಕ್ಕೆ ನಡಿಗೆ ಕೋಣೆ ಎಂದೇ ಹೆಸರು. ನೆಲಕ್ಕೆ ಕಪ್ಪು ಪಟ್ಟಿ ಬಳಿದಿದ್ದರು. ಪಟ್ಟಿಯ ಎದುರು ತುದಿಗೊಂದು ಕ್ಯಾಮೆರಾ, ಪಕ್ಕದಲ್ಲೊಂದು ಕ್ಯಾಮೆರಾ. ನಡೆಯಲಾಗದವರು ಹಿಡಿದುಕೊಳ್ಳಲೆಂದು ಗೋಡೆಗುಂಟ ಕಬ್ಬಿಣದ ಕಂಬಿ ಹಾಕಿಸಿದರು. ಆ ಕಂಬಿ ನಾನೇ ಬೆಸೆದದ್ದು. ಅಲ್ಲಿ ಕೆಲಸ ಮಾಡಿದ ದಿನಗಳಲ್ಲಿ ತಂಗಿ ಕೂತು ಮಾಡುವುದನ್ನು ನೋಡಿದೆ.

ರೋಗಿ ಬಂದರೆ ಮೊದಲು ಮೊಣಕಾಲಿಗಿಂತ ಮೇಲಿರುವ ಬಿಗಿ ಚಡ್ಡಿ ತೊಡಿಸುತ್ತಾಳೆ. ಭುಜ, ಸೊಂಟದ ಕೀಲು, ಮಂಡಿ, ಪಾದದ ಮೇಲಿನ ಗಂಟು ಅಂದರೆ ಹರಡು, ಎಲ್ಲ ಕಡೆ ಗುಂಡನೆಯ ಬಿಳಿ ಸ್ಟಿಕರ್ ಅಂಟಿಸುತ್ತಾಳೆ. ರೋಗಿ ಪಟ್ಟಿಯ ಮೇಲೆ ಹೋಗಿ ಬರುತ್ತಾನೆ. ಆಮೇಲೆ ತೆರೆಯ ಮೇಲೆ ಆ ನಡಿಗೆಯನ್ನು ಚಿತ್ರ ಚಿತ್ರವಾಗಿ ಬಿಡಿಸಿ ಹಾಕುತ್ತಾಳೆ. ಒಂದೊಂದು ಚಿತ್ರಕ್ಕೂ ಫ್ರೇಮು ಅನ್ನುತ್ತಾಳೆ. ನನ್ನ ಮಟ್ಟಿಗೆ ಫ್ರೇಮು ಎಂದರೆ ಕಿಟಕಿಗೆ ಹಾಕುವುದು, ಅದು ಬೇರೆ ಮಾತು. ಮೊದಲನೇ ಫ್ರೇಮಿನಲ್ಲಿ ಕೀಲು ಇಲ್ಲಿದೆ ಎಂದು ಅವಳು ಚುಕ್ಕಿ ಇಟ್ಟರೆ, ಮುಂದಿನದರಲ್ಲಿ ಸಾಫ್ಟ್‌ವೇರು ತಾನೇ ಹುಡುಕಿಕೊಂಡು ಹೋಗುತ್ತದೆ. ಹೋಗುತ್ತದೆ ಅನ್ನುವುದೇ ತಪ್ಪು. ಅದಕ್ಕೆ ಮೈಯೂ ಗೊತ್ತಿಲ್ಲ, ಕೀಲೂ ಗೊತ್ತಿಲ್ಲ. ಬಿಳಿ ಗುಂಡಗೆ ಕಂಡದ್ದರ ಹಿಂದೆ ಓಡುವ ನಾಯಿಮರಿ ಅದು. ಕೈ ಬೀಸಿ ಸೊಂಟದ ಮುಂದೆ ಹಾದರೆ ಸಾಕು, ಸೊಂಟದ ಚುಕ್ಕಿ ಮಣಿಕಟ್ಟಿನ ಹಿಂದೆ ಹೊರಟುಬಿಡುತ್ತದೆ. ಎರಡು ಕಾಲು ಒಂದನ್ನೊಂದು ದಾಟುವಾಗ ಎಡಮಂಡಿಯ ಚುಕ್ಕಿ ಬಲಮಂಡಿಗೆ ಹತ್ತಿಕೊಳ್ಳುತ್ತದೆ. ಆಗ ತಂಗಿ ತಡೆದು, ಹಿಂದೆ ಹೋಗಿ, ಓಡಿಹೋದ ಚುಕ್ಕಿಯನ್ನು ಕಿವಿ ಹಿಡಿದು ಎಳೆದು ತರುವ ಹಾಗೆ ತಂದು ಕೂರಿಸುತ್ತಾಳೆ. ತೀರಾ ಕೆಟ್ಟುಹೋದ ಫ್ರೇಮುಗಳಿದ್ದರೆ ಅಲ್ಲಿನ ಚುಕ್ಕಿಗಳನ್ನು ಅಳಿಸಿಬಿಡುತ್ತಾಳೆ. ಹಿಂದಿನ ಒಳ್ಳೆಯ ಫ್ರೇಮಿನಿಂದ ಮುಂದಿನ ಒಳ್ಳೆಯ ಫ್ರೇಮಿಗೆ ಸಾಫ್ಟ್‌ವೇರು ತಾನೇ ದಾರಿ ಎಳೆದು ಖಾಲಿಯನ್ನು ತುಂಬಿಸುತ್ತದೆ. ಅದಕ್ಕೆ ಅವರ ಭಾಷೆಯಲ್ಲಿ ತುಂಬಿಸುವುದು ಎಂದೇ ಹೇಳುತ್ತಾರೆ. ಕೊನೆಗೆ ಒಂದು ಹಾಳೆ ಬರುತ್ತದೆ. ಹಾಳೆಯಲ್ಲಿ ಬೂದು ಬಣ್ಣದ ಅಗಲ ಪಟ್ಟಿ, ಅದು ಸರಿಯಾಗಿ ನಡೆಯುವವರ ದಾರಿ. ರೋಗಿಯ ಗೆರೆ ಆ ಬೂದಿನೊಳಗೆ ಹೋದರೆ ಸರಿ, ಆಚೆ ಹೋದರೆ ಕಾಯಿಲೆ.

ಚಿಕ್ಕಂದಿನಲ್ಲಿ ಅವಳು ಅಮ್ಮನ ಜೊತೆ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಅದೇ ಬೆರಳು, ಅದೇ ತಾಳ್ಮೆ. ಆಸ್ಪತ್ರೆಯಲ್ಲಿ ಚೀಟಿ ಟೈಪು ಮಾಡುತ್ತಿದ್ದವಳನ್ನು ಅದಕ್ಕೇ ಈ ಕೋಣೆಗೆ ಹಾಕಿದರು. ಕೆಲಸ ಮೈಗೆ ಹತ್ತಿದ ಮೇಲೆ ಅವಳ ಜೊತೆ ಬೀದಿಯಲ್ಲಿ ಹೋಗುವುದೇ ಒಂದು ಹಿಂಸೆ. ಮೊಣಕೈಯಿಂದ ತಿವಿದು, ಆ ಮುದುಕಪ್ಪನ ಬಲ ಹರಡು ನೋಡು, ಈ ಹೆಂಗಸಿಗೆ ಬೆನ್ನು ನೋವಿದೆ ನೋಡು ಎನ್ನುವಳು. ನನ್ನನ್ನೂ ಬಿಡಲಿಲ್ಲ. ಎಲ್ಲರೂ ಹಿಮ್ಮಡಿ ಊರಿ ನಡೆದರೆ ನೀನು ಸಿಟ್ಟು ಬಂದಾಗ ಇಡೀ ಪಾದವನ್ನು ನೆಲಕ್ಕೆ ಬಡಿಯುತ್ತೀಯ, ನಿನ್ನ ನಡಿಗೆ ನೋಡಿಯೇ ಅತ್ತಿಗೆ ಅಡುಗೆಮನೆಗೆ ಓಡುತ್ತಾಳೆ ಅಂದಳು. ನನ್ನ ಹೆಂಡತಿ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕಳು.

ತಂಗಿಗೆ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಗುಂಡಗೆ, ನೆಲಕ್ಕೆ ಬಿಟ್ಟಾಗಿನಿಂದ ಓಟ. ಅದಕ್ಕೆ ನಾನು ಬುಗುರಿ ಎಂದು ಕರೆದೆ, ಅದೇ ನಿಂತಿತು. ಶಾಲೆ ಬಿಟ್ಟ ಮೇಲೆ ನನ್ನ ಅಂಗಡಿಗೆ ಬಂದು, ಬೆಸುಗೆಯ ಕಿಡಿಗೆ ಕಣ್ಣು ಕೊಡಬೇಡವೇ ಎಂದು ನಾನು ಕೂಗುತ್ತಿದ್ದರೂ ಕಬ್ಬಿಣದ ರಾಶಿಯ ಮೇಲೆ ಹತ್ತಿ ಇಳಿಯುವ ಪ್ರಾಣಿ.

ಆ ಮಗು ಎಡಮಂಡಿ ನೋವು ಅನ್ನತೊಡಗಿತು. ಒಂದು ದಿನ ಇರುತ್ತಿತ್ತು, ಒಂದು ದಿನ ಇಲ್ಲ. ಬೆಳೆಯುವ ಮಕ್ಕಳಿಗೆ ಇದ್ದದ್ದೇ ಎಂದು ಅಮ್ಮ ಎಣ್ಣೆ ತಿಕ್ಕಿದಳು. ಭಾವ ಬೂಟು ಬದಲಿಸಿದ. ಅಷ್ಟರಲ್ಲಿ ಎಡಪಾದ ಸ್ವಲ್ಪ ಹೊರಕ್ಕೆ ತಿರುಗಿಕೊಂಡು ಬೀಳತೊಡಗಿತ್ತು. ನನ್ನ ಕಣ್ಣಿಗೂ ಬಿತ್ತು. ಏನೇ, ಬಾತುಕೋಳಿ ಆಗಿಬಿಟ್ಟೆಯಲ್ಲ ಎಂದು ರೇಗಿಸಿದೆ.

"ನೀನು ಆನೆ ಥರ ನಡೀತೀಯ ಮಾವ, ನಾನು ಏನಾದ್ರೂ ಅಂದ್ನಾ?" ಅಂದಿತು.

ತಂಗಿ ಮಾತ್ರ ನಗಲಿಲ್ಲ. ಮಗಳು ಮನೆಯೊಳಗೆ ಓಡಾಡಿದಷ್ಟು ಹೊತ್ತೂ ಅವಳ ಕಾಲನ್ನೇ ನೋಡುತ್ತಿದ್ದಳು. ನೋಡೇಬಿಡೋಣ, ಮಧ್ಯಾಹ್ನ ಊಟದ ಹೊತ್ತಲ್ಲಿ ಕೋಣೆ ಖಾಲಿ ಇರುತ್ತೆ, ಶಾಲೆಯಿಂದ ಕರ್ಕೊಂಡು ಬಾ ಎಂದು ನನಗೆ ಫೋನು ಮಾಡಿದಳು. ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ.

ಮಗು ಶಾಲೆಯ ಲಂಗದಲ್ಲಿತ್ತು. ಮಂಡಿಯ ಮೇಲಕ್ಕೇ ನಿಲ್ಲುವ, ನೆರಿಗೆ ನೆರಿಗೆಯ ದಪ್ಪ ಲಂಗ. ಆಸ್ಪತ್ರೆಯ ಚಡ್ಡಿ ತೊಡು ಎಂದರೆ ಒಲ್ಲೆ ಎಂದು ಗೋಡೆಗೆ ಅಂಟಿ ನಿಂತಿತು. ದೊಡ್ಡವಳಾಗುತ್ತಿರುವ ಹುಡುಗಿ, ಎದುರಿಗೆ ಮಾವ ಬೇರೆ. ನಾನು ಆಚೆ ಹೋಗುತ್ತೇನೆ ಎಂದೆ, ಆದರೂ ಒಪ್ಪಲಿಲ್ಲ. ಬೇರೆ ಯಾರ ಮಗುವಾಗಿದ್ದರೂ ತಂಗಿ ವಾಪಸು ಕಳಿಸುತ್ತಿದ್ದಳು. ಎಷ್ಟೋ ಜನರನ್ನು ಹಾಗೆ ಕಳಿಸಿದ್ದನ್ನು ನಾನೇ ಕಂಡಿದ್ದೇನೆ, ಸ್ಟಿಕರ್ ಇಲ್ಲದ ಕೀಲಿಗೆ ನಾನು ಚುಕ್ಕಿ ಇಡೋಲ್ಲ ಎಂದು ಡಾಕ್ಟರಿಗೇ ಹೇಳಿದವಳು. ಅವತ್ತು, ಹೋಗಲಿ ಬಿಡು, ಹಾಗೇ ನಡಿ ಅಂದಳು. ಬುಗುರಿ ಲಂಗದಲ್ಲೇ ಹೋಗಿ ಬಂತು.

ತೆರೆಯ ಮುಂದೆ ಕೂತ ತಂಗಿಯ ಹಿಂದೆ ನಾನು ಸ್ಟೂಲು ಎಳೆದುಕೊಂಡು ಕೂತೆ. ಮಂಡಿ, ಹರಡು ಹೇಗೋ ನಡೆಯಿತು. ಸ್ಟಿಕರ್ ಇಲ್ಲದೆ ಲಂಗದ ಮೇಲೆ ಅಂದಾಜಿಗೆ ಇಟ್ಟ ಸೊಂಟದ ಚುಕ್ಕಿ ಮಾತ್ರ ಆಗಾಗ ಸರಕ್ಕನೆ ಕೆಳಕ್ಕೆ ಪಕ್ಕಕ್ಕೆ ಜಾರುತ್ತಿತ್ತು, ಜೊತೆಗೆ ಭುಜದ ಚುಕ್ಕಿಯೂ ಒಂದಿಷ್ಟು ವಾಲುತ್ತಿತ್ತು. ಲಂಗ ಬೀಸಿದಾಗೆಲ್ಲ ಸಾಫ್ಟ್‌ವೇರು ಮೋಸ ಹೋಗುತ್ತಿದೆ ಎಂದು ಅವಳು ನನಗೆ ತೋರಿಸಿದಳು. ಹೌದು, ಹಾಗೇ ಕಂಡಿತು. ಜಾರಿದ ಫ್ರೇಮುಗಳನ್ನೆಲ್ಲ ಆರಿಸಿ ಅಳಿಸಿದಳು. ಖಾಲಿ ತುಂಬಿಕೊಂಡಿತು. ಹಾಳೆ ಬಂತು. ಗೆರೆ ಬೂದು ಪಟ್ಟಿಯ ನಟ್ಟನಡುವೆ, ಸಾಲು ಹಿಡಿದು ಹೋಗುವ ಇರುವೆಯ ಹಾಗೆ ಹೋಗಿತ್ತು. ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಉಸಿರು ಬಿಟ್ಟಳು. ಮಗಳನ್ನು ಎಳೆದು ಕೆನ್ನೆ ಹಿಂಡಿದಳು.

ಮೂಳೆ ಡಾಕ್ಟರು ಆ ಹಾಳೆ ನೋಡಿದರು. ಮಂಚದ ಮೇಲೆ ಮಲಗಿಸಿ ಮಂಡಿ ಮಡಿಸಿದರು, ಒತ್ತಿದರು, ಅಲುಗಿಸಿದರು. ಮಂಡಿಯಲ್ಲಿ ಏನೂ ಇರಲಿಲ್ಲ. ನಿಮ್ಮ ಕೈಯಲ್ಲೇ ಬಂದ ರಿಪೋರ್ಟು, ಇನ್ನೇನು ನೋಡಲಮ್ಮ ಎಂದು ನಕ್ಕು, ಕೆಲವು ದಿನ ಜಿಗಿಯಬೇಡ, ಹಾರಬೇಡ ಎಂದು ಬುಗುರಿಗೆ ಹೇಳಿ, ಮಂಡಿಗೆ ವ್ಯಾಯಾಮ ಬರೆದುಕೊಟ್ಟು ಕಳಿಸಿದರು.

ಆಮೇಲೆ ಕೆಲವು ವಾರ ಕಳೆದು, ಶಾಲೆಯ ಮೆಟ್ಟಿಲಿನ ಕೊನೆಯಲ್ಲಿ ಮಗು ಹಾರಿತು. ಹಾರುವುದೇನು ಬಂತು, ಎಲ್ಲ ಮಕ್ಕಳೂ ಇಳಿಯುವ ಹಾಗೆ ಇಳಿಯಿತು. ಎಡಗಾಲು ಊರಿದ ಕೂಡಲೇ ಕುಸಿಯಿತು. ನಾನು ಹೋಗುವಷ್ಟರಲ್ಲಿ ಮೇಷ್ಟ್ರುಗಳು ಮೇಜಿನ ಮೇಲೆ ಮಲಗಿಸಿದ್ದರು. ಕಾಲು ಹೊರಕ್ಕೆ ತಿರುಗಿ ಬೇರೆ ಯಾರದೋ ಕಾಲಿನ ಹಾಗೆ ಬಿದ್ದಿತ್ತು. ಕೂಗುತ್ತಿರಲಿಲ್ಲ. ತುಟಿ ಬೆಳ್ಳಗಾಗಿತ್ತು.

ಎಕ್ಸ್‌ರೇ ಈಗ ಸೊಂಟದ್ದು ತೆಗೆದರು. ತೊಡೆಮೂಳೆಯ ಮೇಲ್ತುದಿಯ ಗುಂಡು, ಕೀಲಿನಿಂದ ಕಳಚಿದ ಗೇಟಿನ ಹಾಗೆ ಜಾರಿ ಪಕ್ಕಕ್ಕೆ ಕೂತಿತ್ತು. ಡಾಕ್ಟರು ವಿವರಿಸಿದರು. ಈ ವಯಸ್ಸಿನ, ಮೈ ತುಂಬಿದ ಮಕ್ಕಳಲ್ಲಿ ಕೆಲವರಿಗೆ ಅದು ನಿಧಾನವಾಗಿ ಜಾರುತ್ತಾ ಬರುತ್ತದಂತೆ. ಕೆಟ್ಟಿರುವುದು ಸೊಂಟ, ನೋವು ಮಾತ್ರ ಮಂಡಿಯಲ್ಲಂತೆ. ಇವಳದು ಮೊದಲೇ ಜಾರುತ್ತಿತ್ತು, ಈಗ ಪೂರ್ತಿ ಹೋಗಿದೆ.

ನನಗೆ ಮೈ ಉರಿದು ಹೋಯಿತು. ಮಂಡಿಗೆ ವ್ಯಾಯಾಮ ಬರೆದುಕೊಟ್ಟ ಕೈ ಯಾವುದು, ಅವತ್ತು ಸೊಂಟ ನೋಡಲು ಕಣ್ಣಿರಲಿಲ್ಲವೇ ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದೆ. ಕುರ್ಚಿ ಒದ್ದೆ. ಡಾಕ್ಟರು ತಲೆ ತಗ್ಗಿಸಿ ನಿಂತರೇ ಹೊರತು, ರಿಪೋರ್ಟಿನಲ್ಲಿ ನಡಿಗೆ ಸರಿಯಿತ್ತು ಎಂಬ ಮಾತೂ ಆಡಲಿಲ್ಲ. ತಂಗಿ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಆಪರೇಷನ್ ಆಯಿತು. ಗುಂಡನ್ನು ಆದಷ್ಟು ಜಾಗಕ್ಕೆ ತಂದು ಸ್ಕ್ರೂ ಹಾಕಿದರು. ಆದರೆ ಜಾರಿದ ಹೊತ್ತಿನಲ್ಲಿ ಅದಕ್ಕೆ ರಕ್ತ ಹೋಗುವ ನಾಳ ಹರಿದಿದ್ದರೆ ಮೂಳೆ ಒಳಗೇ ಸಾಯಬಹುದು, ಬದುಕುತ್ತದೋ ಇಲ್ಲವೋ ತಿಳಿಯಲು ತಿಂಗಳುಗಳು ಬೇಕು ಎಂದರು. ಅಲ್ಲಿಂದ ಮುಂದೆ ನಮ್ಮ ಮನೆಯ ಜೀವವೆಲ್ಲ ಆ ಒಂದು ಗುಂಡಿನ ಮೇಲೆ ನಿಂತಿತು.

ಮಾರನೇ ದಿನ ಮಗು ಔಷಧಿಯ ಮಂಪರಿನಲ್ಲಿ ಮಲಗಿದ್ದಾಗ ತಂಗಿ ನನ್ನನ್ನು ನಡಿಗೆ ಕೋಣೆಗೆ ಕರೆದಳು. ತೆರೆ ಹಚ್ಚಿ ಅವತ್ತಿನ ವಿಡಿಯೊ ತೆಗೆದಳು. ತುಂಬಿಸಿದ್ದನ್ನು ತೆಗೆದುಹಾಕಿ, ಅಳಿಸಿದ್ದನ್ನು ವಾಪಸು ತಂದಳು. ನೋಡು ಅಂದಳು. ನೋಡಿದೆ. ಬುಗುರಿ ಬರುತ್ತಿದ್ದಳು. ಒಂದು ಹೆಜ್ಜೆ ನೆಟ್ಟಗೆ, ಇನ್ನೊಂದು ಹೆಜ್ಜೆಗೆ ತುಂಬಿದ ಕೊಡ ಹೊತ್ತವರ ಹಾಗೆ ಮೈಯೆಲ್ಲ ಪಕ್ಕಕ್ಕೆ ವಾಲುತ್ತಿತ್ತು. ನನಗೆ ಇನ್ನೂ ಅರ್ಥವಾಗಲಿಲ್ಲ. ಲಂಗ ಕಣೇ ಅದು, ನೀನೇ ಹೇಳಿದ್ದೆಯಲ್ಲ ಎಂದೆ.

"ಲಂಗ ಆಗಿದ್ರೆ ಎರಡೂ ಕಡೆ ಬೀಸಬೇಕಲ್ಲಣ್ಣ. ನಾನು ಅಳಿಸಿದ್ದು ನೋಡು. ಒಂದೂ ಬಲಗಾಲಿಂದಲ್ಲ. ಎಲ್ಲಾ ಎಡಗಾಲು ಊರಿದಾಗಿನವೇ."

ನಾನು ಸ್ಟೂಲನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡೆ.

"ಕುಂಟಿದ ಹೆಜ್ಜೆ ಅಷ್ಟನ್ನೂ ಆರಿಸಿ ಆರಿಸಿ ತೆಗ್ದಿದೀನಿ," ಅಂದಳು. "ಒಂದನ್ನೂ ಬಿಟ್ಟಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡಿದೀನಿ."

ಅವಳೇ ಹೋಗಿ ಡಾಕ್ಟರಿಗೆ ಹೇಳಿದಳು. ಅವರು ಬಾಗಿಲು ಹಾಕಿಕೊಂಡು ಕೇಳಿದರಂತೆ. ಹಾಳೆ ಹೇಗಾದರೂ ಇರಲಿ, ಮಂಡಿ ನೋವು ಎಂದು ಬಂದ ಮಗುವಿಗೆ ಸೊಂಟದ ಎಕ್ಸ್‌ರೇ ತೆಗೆಸಬೇಕಿತ್ತು, ತಪ್ಪು ನನ್ನದು, ನೀವು ರಜೆ ಹಾಕಿ ಮಗು ನೋಡಿಕೊಳ್ಳಿ ಎಂದರಂತೆ. ಕೆಲಸದಿಂದ ತೆಗೆಯಿರಿ ಎಂದು ಇವಳು ಕೇಳಿದರೆ, ತೆಗೆದು ಯಾರನ್ನು ಕೂರಿಸಲಿ ಎಂದರಂತೆ. ಗಂಡನಿಗೆ ಹೇಳಿದಳು. ಭಾವ ಎದ್ದು ಹೋಗಿ, ಸರಿಯಾಗಿಯೇ ಇದ್ದ ಸ್ವಿಚ್ ಬೋರ್ಡು ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚಿದ. ಅಮ್ಮ ಅತ್ತಳು, ಆದರೆ ಬೈಯಲಿಲ್ಲ. ಒಬ್ಬರಾದರೂ ಉಗಿಯಬಾರದೇ ಎಂದು ತಂಗಿ ಒಮ್ಮೆ ನನ್ನನ್ನೇ ಕೇಳಿದಳು. ಊರಿಗೆಲ್ಲ ಬೈಯುವ ನನಗೆ ಅವಳನ್ನು ಬೈಯಲು ನಾಲಿಗೆ ಏಳಲಿಲ್ಲ.

ಆದರೆ ನಮ್ಮೆಲ್ಲರಿಗಿಂತ ಮುಂಚೆ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡಿದ್ದು ಮಗು. ಹಾರಬೇಡ ಅಂದಿದ್ದರು, ನಾನು ಹಾರಿದೆ ಎಂದು ಬಂದವರಿಗೆಲ್ಲ ಅದೇ ಹೇಳುತ್ತಿತ್ತು. ತಾಯಿ ಮೈ ಒರೆಸಲು ಬಂದರೆ ಸಾರಿ ಅಮ್ಮ ಅನ್ನುವುದು, ಎತ್ತಿ ಕೂರಿಸಿದರೆ ಸಾರಿ ಅಮ್ಮ ಅನ್ನುವುದು. ತಂಗಿ ಆ ಮಾತು ಕೇಳಿದಾಗೆಲ್ಲ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದಳು.

ತಿಂಗಳುಗಳಾದ ಮೇಲಿನ ಎಕ್ಸ್‌ರೇಯಲ್ಲಿ ಗುಂಡು ಗುಂಡಾಗಿ ಉಳಿದಿರಲಿಲ್ಲ. ಸತ್ತು, ಒಂದು ಕಡೆ ಒಳಕ್ಕೆ ಕುಸಿದಿತ್ತು. ಕಾಲು ಗಿಡ್ಡವಾಗುತ್ತದೆ, ನೋವು ಇರುತ್ತದೆ, ಪೂರ್ತಿ ಬೆಳೆದ ಮೇಲೆ ಕೃತಕ ಕೀಲು ನೋಡಬಹುದು ಎಂದು ಡಾಕ್ಟರು ಹೇಳಿದರು. ಓಟದ ಮಾತನ್ನು ಯಾರೂ ಎತ್ತಲಿಲ್ಲ. ತಂಗಿ ಒಂದೇ ಪ್ರಶ್ನೆ ಕೇಳಿದಳು, ಅವತ್ತೇ ಗೊತ್ತಾಗಿದ್ದರೆ? ಡಾಕ್ಟರು ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಸುಳ್ಳು ಹೇಳಪ್ಪಾ, ಒಂದು ಸುಳ್ಳು ಹೇಳಿಬಿಡು ಎಂದು ನಾನು ಒಳಗೇ ಬೇಡಿಕೊಂಡೆ.

"ಅವತ್ತಾಗಿದ್ರೆ ಒಂದು ಸ್ಕ್ರೂ ಸಾಕಿತ್ತಮ್ಮ," ಅಂದರು. "ಬಹುಶಃ ಮತ್ತೆ ಆಟ ಆಡ್ತಿದ್ಲು."

ಮನೆಗೆ ಬಂದ ಮೇಲೆ ತಂಗಿ, ಮಗಳಿಗೆ ಹೇಳಿಬಿಡುತ್ತೇನೆ ಅಂದಳು. ನಾನು ಹಾರಾಡಿದೆ. ಹೇಳಿ ಏನು ಮಾಡುತ್ತೀ, ಕಾಲು ಹೋಯಿತು, ಇರುವ ಒಬ್ಬಳು ತಾಯಿಯನ್ನೂ ಮಗುವಿನಿಂದ ಕಿತ್ತುಕೊಳ್ಳುತ್ತೀಯಾ ಎಂದು ಕೇಳಿದೆ. ಅಷ್ಟು ದಿನ ಬಾಯಿ ಬಿಡದ ಭಾವನೂ ಬೇಡ ಎಂದ. ಅವಳು ವಾದ ಮಾಡಲಿಲ್ಲ.

"ನಾನು ಸುಮ್ನಿದ್ರೆ ಅವಳು ಸಾಯೋ ತನಕ ನಂಗೆ ಸಾರಿ ಕೇಳ್ತಾಳೆ, ಅಣ್ಣ."



ಭಾನುವಾರ ಮಧ್ಯಾಹ್ನ, ಮುಂದಿನ ಕೋಣೆ. ಬುಗುರಿ ದಿಂಬಿಗೆ ಒರಗಿ ಕಾಲು ಚಾಚಿ ಕೂತಿದ್ದಳು. ಭಾವ ಬಾಗಿಲ ಹತ್ತಿರ, ನಾನು ಕಿಟಕಿಯ ಹತ್ತಿರ. ತಂಗಿ ಮಗಳ ಪಕ್ಕ ಕೂತು ಫೋನಿನಲ್ಲಿ ಆ ವಿಡಿಯೊ ಹಾಕಿದಳು. ಮೊದಲು ಚುಕ್ಕಿಗಳು ಇದ್ದ ಹಾಗೇ. ಆಮೇಲೆ ತುಂಬಿಸಿದ್ದು. ಯಾವುದು ಏನು ಎಂದು, ಹೊಸದಾಗಿ ಕೆಲಸ ಕಲಿಯಲು ಬಂದವರಿಗೆ ಹೇಳುವ ದನಿಯಲ್ಲಿ ಹೇಳಿದಳು. ಮಗು ಎರಡೂ ನೋಡಿತು. ಮೊದಲನೆಯದನ್ನು ಮತ್ತೆ ಹಾಕಿಸಿಕೊಂಡು ನೋಡಿತು.

"ಇದು ನಿಂಗೆ ಕಂಡಿರ್ಲಿಲ್ವಾ ಅಮ್ಮಾ?"

"ಕಂಡಿತ್ತು. ಅಳಿಸಿದೆ."

"ಯಾಕೆ?"

"ಲಂಗ ಅಂದ್ಕೊಂಡೆ." ತಂಗಿ ಮತ್ತೆ ಹೇಳಿದಳು, "ಲಂಗ ಆಗಿರ್ಲಿ ಅಂದ್ಕೊಂಡೆ."

ಮಗು ಫೋನಿನ ಕಡೆಯೇ ನೋಡುತ್ತಿತ್ತು.

"ಹಾಗಾದ್ರೆ ನಾನು ಹಾರಿದ್ದಕ್ಕಲ್ಲ."

"ಅಲ್ಲ ಕಂದಾ. ನೀನು ಏನೂ ಮಾಡಿಲ್ಲ."

ಬುಗುರಿ ಫೋನನ್ನು ತಾಯಿಯ ಕೈಗೆ ಕೊಟ್ಟಳು. ಕೂಗಲಿಲ್ಲ, ಅಳಲಿಲ್ಲ, ಎಸೆಯಲಿಲ್ಲ. ತಂಗಿ ಅದಕ್ಕೆಲ್ಲ ಸಿದ್ಧವಾಗಿ ಬಂದಿದ್ದಳು, ಕೆನ್ನೆ ಒಡ್ಡಿ ಕೂತ ಹಾಗೆ ಕೂತಿದ್ದಳು. ಮಗು ದಿಂಬು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿ ಮಲಗಿತು. ಅವತ್ತಿನಿಂದ ಸಾರಿ ಅನ್ನುವ ಮಾತು ನಿಂತಿತು. ಅದರ ಜೊತೆ ಇನ್ನೂ ಎಷ್ಟೋ ಮಾತು ನಿಂತವು. ಮೈ ಒರೆಸಲು ಅಜ್ಜಿಯನ್ನು ಕರೆಯುತ್ತಿತ್ತು. ತಾಯಿ ಕೇಳಿದ್ದಕ್ಕೆ ಉತ್ತರ ಇರುತ್ತಿತ್ತು, ಅದರಾಚೆ ಒಂದು ಅಕ್ಷರ ಇರುತ್ತಿರಲಿಲ್ಲ.

ತಂಗಿ ಈಗಲೂ ಅದೇ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಚೀಟಿ ಟೈಪು ಮಾಡುವ ಕಡೆಗೆ ಹಾಕಿ ಎಂದು ಕೇಳಿಕೊಂಡಳು, ಆಗಲಿಲ್ಲ. ಈಗ ಅವಳು ಒಂದು ಫ್ರೇಮನ್ನೂ ಅಳಿಸುವುದಿಲ್ಲ, ತುಂಬಿಸುವುದಿಲ್ಲ. ಒಂದು ಚುಕ್ಕಿ ಅಲುಗಿದರೂ ರೋಗಿಯನ್ನು ಮತ್ತೆ ನಡೆಸುತ್ತಾಳೆ, ಮತ್ತೆ ಮತ್ತೆ ನಡೆಸುತ್ತಾಳೆ. ನೋವಿನ ಕಾಲಿನವರು ಶಾಪ ಹಾಕುತ್ತಾರೆ. ಆ ಹೆಂಗಸಿಗೆ ಕರುಣೆಯೇ ಇಲ್ಲ ಎಂದು ಹೊರಗೆ ಬೆಂಚಿನ ಮೇಲೆ ಕೂತವರು ಆಡಿಕೊಂಡಿದ್ದನ್ನು ನಾನೇ ಕೇಳಿದ್ದೇನೆ. ಎದ್ದು ಜಗಳಕ್ಕೆ ಹೋಗಬೇಕು ಅನ್ನಿಸಿತು. ಹೋಗಿ ಏನು ಹೇಳಲಿ ಎಂದು ಕೂತೆ. ಬೀದಿಯಲ್ಲಿ ಯಾರ ನಡಿಗೆಯನ್ನೂ ಅವಳು ಈಗ ನೋಡುವುದಿಲ್ಲ. ನೆಲ ನೋಡಿಕೊಂಡು ಹೋಗುತ್ತಾಳೆ.

ಬುಗುರಿ ಮತ್ತೆ ಶಾಲೆಗೆ ಹೋಗುತ್ತಾಳೆ. ಎಡಗಾಲಿಗೆ ದಪ್ಪ ಅಟ್ಟೆಯ ಬೂಟು, ಕೈಯಲ್ಲಿ ಕೋಲು. ದೊಡ್ಡ ರಸ್ತೆಯ ಆಟೋದವರೆಗೆ ತಾಯಿ ಜೊತೆಗೆ ಹೋಗಬೇಕು, ಸಣ್ಣ ಸಂದಿ, ಕಲ್ಲು ಕಿತ್ತುಹೋದ ದಾರಿ. ಮೊದಲ ದಿನ ನಾನೂ ಬಾಗಿಲಲ್ಲಿದ್ದೆ. ತಂಗಿ ಪಕ್ಕದಲ್ಲಿ ನಿಂತು ಕೈ ಕೊಡಲು ಹೋದಳು. ಮಗು ಕೋಲನ್ನು ತಾಯಿ ನಿಂತ ಕಡೆಯ ತನ್ನ ಕೈಗೆ ಬದಲಿಸಿಕೊಂಡಿತು. ಹಾಗಾದರೆ ಹಿಂದೆ ಬರುತ್ತೇನೆ, ಬಿದ್ದರೆ ಹಿಡಿಯುತ್ತೇನೆ ಎಂದು ತಂಗಿ ಹಿಂದೆ ಸರಿದಳು.

"ನೀನು ಮುಂದೆ ನಡಿ," ಅಂದಳು ಬುಗುರಿ.

ಯಾಕೆ ಎಂದು ತಂಗಿ ಕೇಳಲಿಲ್ಲ. ಮುಂದೆ ಹೋದಳು. ಸಂದಿಯ ನಡುವೆ ಒಮ್ಮೆ ನಿಧಾನ ಮಾಡಿ ತಲೆ ಹೊರಳಿಸಲು ನೋಡಿದಳು. ಹಿಂದೆ ಕೋಲಿನ ಸದ್ದು ನಿಂತಿತು. ಮಗು ಗೋಡೆಗೆ ಭುಜ ಕೊಟ್ಟು, ಒಂದು ಹೆಜ್ಜೆಯನ್ನೂ ಕಿತ್ತಿಡದೆ, ತಾಯಿ ಮುಖ ತಿರುಗಿಸಿಕೊಳ್ಳುವವರೆಗೆ ಕಾಯುತ್ತಾ ನಿಂತಿತ್ತು. ತಂಗಿ ಮತ್ತೆ ಮುಂದಕ್ಕೆ ನೋಡಿದಳು, ನಡೆದಳು. ಕೋಲಿನ ಸದ್ದು ಶುರುವಾಯಿತು.

ದಿನಾ ಹಾಗೆಯೇ ಹೋಗುತ್ತಾರೆ.